ಟೇಪಕ್ಕ ಕಲಿತ ಎಡಬಲ

ಆ ಬೀದಿಗೆ ಬಂದು ಅವಳ ನಿಜವಾದ ಹೆಸರು ಹೇಳಿ ಮನೆ ಎಲ್ಲಿ ಅಂತ ಕೇಳಿದರೆ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. ಟೇಪಕ್ಕ ಅಂದರೆ ಸಾಕು, ಆಡುತ್ತಿರುವ ಮಕ್ಕಳು ಆಟ ಬಿಟ್ಟು ಬಾಗಿಲ ತನಕ ಬಂದು ತೋರಿಸಿ ಹೋಗುತ್ತಾರೆ. ಅಳತೆಯ ಟೇಪು ಬೆಳಿಗ್ಗೆ ಎದ್ದಾಗಿನಿಂದ ಅವಳ ಕೊರಳಲ್ಲೇ ಇರುತ್ತದೆ. ಸ್ನಾನಕ್ಕೆ ಹೋಗುವಾಗಲಾದರೂ ತೆಗೆಯುತ್ತಾಳೋ ಇಲ್ಲವೋ ಎಂದು ಅವಳ ಅತ್ತೆಗೇ ಅನುಮಾನ. ಈ ಅತ್ತೆಯ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು. ಅವರು ಬಸ್ ಕಂಡಕ್ಟರ್ ಆಗಿ ದುಡಿದವರು. ನಿವೃತ್ತರಾಗಿ ಬಹಳ ಕಾಲವಾಗಿದ್ದರೂ ಗಂಟಲು ಮಾತ್ರ ಇನ್ನೂ ನೌಕರಿಯಲ್ಲೇ ಇದೆ. ಅಡುಗೆಮನೆಯಲ್ಲಿ ನಿಂತು ಉಪ್ಪು ಎಲ್ಲಿ ಎಂದು ಅವರು ಕೇಳಿದರೆ ಬೀದಿಯ ಕೊನೆಯ ಮನೆಯವರು ತಮ್ಮ ಉಪ್ಪಿನ ಡಬ್ಬಿ ನೋಡಿಕೊಳ್ಳುತ್ತಾರೆ. ಮಗ ಸರಕಿನ ಲಾರಿ ಓಡಿಸುವವನು, ವಾರದಲ್ಲಿ ಒಂದು ದಿನ ಮನೆಯಲ್ಲಿದ್ದರೆ ಹೆಚ್ಚು. ಹಾಗಾಗಿ ಮನೆಯಲ್ಲಿ ಕಾಯಂ ಇರುವವರು ಅತ್ತೆ, ಸೊಸೆ ಮತ್ತು ಒಂದು ಹೊಲಿಗೆ ಮಿಷನ್ನು.

ಮೂವರಲ್ಲಿ ಹೆಚ್ಚು ಮಾತಾಡುವವರು ಅತ್ತೆ, ಆಮೇಲೆ ಮಿಷನ್ನು. ಟೇಪಕ್ಕನ ತುಟಿಗಳ ನಡುವೆ ಸದಾ ಗುಂಡುಪಿನ್ನು ಕಚ್ಚಿಕೊಂಡಿರುವುದರಿಂದ ಅವಳಿಗೆ ಮಾತಾಡುವ ಅವಕಾಶವೇ ಇರುವುದಿಲ್ಲ. "ಪಿನ್ನು ತೆಗೆದು ಮಾತಾಡೇ" ಎಂದು ಅತ್ತೆ ಗದರಿದರೆ ಅವಳು ಕಣ್ಣಲ್ಲೇ ನಕ್ಕು ಕೆಲಸ ಮುಂದುವರಿಸುತ್ತಿದ್ದಳು. ಶಾಲೆಯ ಯೂನಿಫಾರ್ಮು, ಹೋಟೆಲಿನವರ ಏಪ್ರನ್ನು, ಆಫೀಸಿಗೆ ಹೋಗುವವರ ಅಂಗಿ ಪ್ಯಾಂಟು, ಯಾವುದನ್ನೂ ಹೇಳಿದ ದಿನಕ್ಕೆ ಕೊಡದೆ ಇದ್ದವಳಲ್ಲ. ಅತ್ತೆ ಇದನ್ನು ಅವಳ ಎದುರಿಗೆ ಒಮ್ಮೆಯೂ ಹೊಗಳಿರಲಿಲ್ಲ. ಬೆನ್ನ ಹಿಂದೆ ಮಾತ್ರ ಊರಿಗೆಲ್ಲ ಹೇಳಿಕೊಂಡು ಬರುತ್ತಿದ್ದರು.

ಒಂದು ದಿನ ಗಾರೆ ಕೆಲಸದವನೊಬ್ಬ ಎರಡು ಪ್ಯಾಂಟು ಹಿಡಿದು ಬಂದ. ಕಂಕುಳಲ್ಲಿ ಊರುಗೋಲು. ಕಟ್ಟಡದ ಮೇಲಿಂದ ಬಿದ್ದು ಒಂದು ಕಾಲು ಮಂಡಿಯ ಕೆಳಗೆ ಹೋಗಿತ್ತು.

"ಈ ಕಡೆ ಮಡಚಿ ಹೊಲಿದ್ಬಿಡಿ ಅಕ್ಕ. ಸುಮ್ನೆ ಜೋತಾಡ್ತಿರುತ್ತೆ" ಎಂದ.

ಟೇಪಕ್ಕ ಅಳತೆ ತೆಗೆದಳು, ಕತ್ತರಿಸಿದಳು, ಹೊಲಿಗೆ ಎಲ್ಲಿದೆ ಎಂದು ಹುಡುಕಿದರೂ ಸಿಗದ ಹಾಗೆ ಕೈಹೊಲಿಗೆ ಹಾಕಿ ಕೊಟ್ಟಳು. ಅವನು ಬಾಯಿ ತುಂಬ ಹೊಗಳಿ ಹೋದ. ಅವಳು ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಕತ್ತರಿಸಿ ಉಳಿದಿದ್ದ ಪ್ಯಾಂಟಿನ ತುಂಡನ್ನು ತೊಡೆಯ ಮೇಲೆ ಹರವಿಕೊಂಡು ಕೂತುಬಿಟ್ಟಳು.

"ಬಟ್ಟೆ ಕಮ್ಮಿ ಮಾಡೋದನ್ನ ಯಾರು ಬೇಕಾದ್ರೂ ಮಾಡ್ತಾರೆ ಅತ್ತೆ. ಕಾಲು ಮಾಡೋರು ಯಾರು?" ಎಂದು ಕೇಳಿದಳು.

"ನನ್ನನ್ನ ಕೇಳಿದ್ರೆ? ನಾನು ಟಿಕೆಟ್ ಹರೀತಿದ್ದವಳು" ಎಂದರು ಅತ್ತೆ.

ಉತ್ತರ ಅವಳೇ ಹುಡುಕಿಕೊಂಡಳು. ಊರಿನ ಆಚೆ ತುದಿಯ ದೊಡ್ಡ ಆಸ್ಪತ್ರೆಯ ಹಿಂಭಾಗದಲ್ಲಿ ಕೃತಕ ಕೈಕಾಲು ತಯಾರಿಸುವ ಒಂದು ಕಾರ್ಯಾಗಾರವಿತ್ತು. ಅಲ್ಲಿ ಹೋಗಿ ನೋಡಿದರೆ ಅಳತೆ, ಅಚ್ಚು, ಚರ್ಮ, ಪಟ್ಟಿ, ಬಕಲ್ಲು; ಎಲ್ಲ ಅವಳ ಕಸುಬಿನ ನೆಂಟರೇ. ತರಬೇತಿಯೂ ಕೊಡುತ್ತಾರೆ. ಆದರೆ ಡಿಗ್ರಿ ಕಾಲೇಜಿನ ಜೀವಶಾಸ್ತ್ರ ಪಾಸಾಗಿರಬೇಕು, ವಯಸ್ಸಿಗೂ ಒಂದು ಮಿತಿ ಇದೆ. ಟೇಪಕ್ಕ ಹುಡುಗಿಯಾಗಿದ್ದಾಗ ಅದೇ ವಿಷಯ ಓದುತ್ತಿರುವಾಗಲೇ ಮದುವೆಯಾಗಿ ಕಾಲೇಜು ಬಿಟ್ಟವಳು. ಕಾಲೇಜಿನವರನ್ನು ಕಾಡಿ ಬೇಡಿ ಮತ್ತೆ ಸೇರಿಕೊಂಡಳು. ಗಿಡಗಳ ಪಾಠ, ಪ್ರಾಣಿಗಳ ಪಾಠ ಎಲ್ಲ ದಾಟಿದಳು. ಮನುಷ್ಯನ ಅಂಗರಚನೆ ಮತ್ತು ಶರೀರಕ್ರಿಯೆ ಎಂಬ ಒಂದು ಪೇಪರು ಮಾತ್ರ ಅವಳನ್ನು ಎತ್ತಿ ಒಗೆಯಿತು. ಬರೆದದ್ದರಲ್ಲೂ ಫೇಲು, ಬಾಯಿ ಪರೀಕ್ಷೆಯಲ್ಲೂ ಫೇಲು.

ಸುಳ್ಳು ಯಾಕೆ ಹೇಳಬೇಕು, ಅತ್ತೆಗೆ ಒಳಗೊಳಗೇ ನಿರಾಳವಾಯಿತು. ಇನ್ನಾದರೂ ಈ ಹುಚ್ಚು ಬಿಟ್ಟು ಮನೆಯಲ್ಲಿ ನೆಮ್ಮದಿಯಾಗಿ ಇರುತ್ತಾಳೆ ಅಂದುಕೊಂಡರು. ಆದರೆ ಸೊಸೆ ಅಳಲಿಲ್ಲ, ಬಾಗಿಲು ಹಾಕಿಕೊಂಡು ಮಲಗಲಿಲ್ಲ. ಮಾರನೆಯ ದಿನವೇ ಮಿಷನ್ನಿನ ಎದುರು ಗೋಡೆಗೆ ಖಾಕಿ ಕಾಗದದ ಮೇಲೆ ತಾನು ಬರೆದಿದ್ದ ಅಂಗಾಂಗಗಳ ಚಿತ್ರಗಳನ್ನು ಮತ್ತೆ ಅಂಟಿಸಿದಳು.

"ಎಲ್ಲಾನೂ ಬರೆದಿದ್ದೆ ಅತ್ತೆ. ಎಲ್ಲಿ ತಪ್ಪಾಯ್ತು ಅಂತಾನೇ ಗೊತ್ತಾಗ್ತಿಲ್ಲ. ಇನ್ನೊಂದು ಸಲ ಕೂರ್ತೀನಿ. ಈ ಸಲ ಆಗ್ಲಿಲ್ಲ ಅಂದ್ರೆ ವಯಸ್ಸು ದಾಟುತ್ತೆ, ಅವರು ಸೇರಿಸ್ಕೊಳ್ಳಲ್ಲ" ಎಂದಳು. ಪಿನ್ನು ತೆಗೆದೇ ಹೇಳಿದ್ದರಿಂದ ಅತ್ತೆಗೆ ಇದು ಹುಚ್ಚಲ್ಲ ಎಂದು ಆಗಲೇ ಅರ್ಥವಾಯಿತು.

ಅವಳು ಓದುವ ಕ್ರಮವೇ ಬೇರೆ. ಪುಸ್ತಕ ಬಿಚ್ಚಿಕೊಂಡು ಕೂರಲು ಅವಳಿಗೆ ಎಲ್ಲಿ ಬಿಡುವು? ಕೈಯಲ್ಲಿ ಬಟ್ಟೆ, ಕಾಲಡಿಯಲ್ಲಿ ಪೆಡಲು, ಖಾಲಿ ಇರುವುದು ಕಣ್ಣೊಂದೇ. ಅದಕ್ಕೇ ಪುಸ್ತಕದ ಚಿತ್ರಗಳನ್ನೆಲ್ಲ ಅಂಗಿಯ ನಮೂನೆ ತೆಗೆದಂತೆ ತೆಳು ಕಾಗದಕ್ಕೆ ಇಳಿಸಿ, ಅಲ್ಲಿಂದ ಖಾಕಿ ಕಾಗದಕ್ಕೆ ದೊಡ್ಡದಾಗಿ ಹೊಡೆದು, ಭಾಗಗಳ ಹೆಸರು ಬರೆದು ಎದುರಿಗೆ ಅಂಟಿಸಿದ್ದಳು. ಹೊಲಿಯುತ್ತ ಹೊಲಿಯುತ್ತ ತಲೆಯೆತ್ತಿ ನೋಡುವುದು, ಗುನುಗುವುದು. ಯಕೃತ್ತು, ಜಠರ, ಗುಲ್ಮ, ಮೇದೋಜೀರಕ ಗ್ರಂಥಿ. ಮಂಚದ ಮೇಲೆ ಮಲಗಿದ್ದ ಅತ್ತೆಗೆ ಮೊದಮೊದಲು ತಲೆ ಚಿಟ್ಟು ಹಿಡಿಯುತ್ತಿತ್ತು. ಆಮೇಲೆ ತಮಗೇ ಗೊತ್ತಿಲ್ಲದೆ ಅವರಿಗೂ ಅದು ಬಾಯಿಪಾಠವಾಯಿತು. ಒಂದು ದಿನ ಸೊಸೆ ರಕ್ತದ ಹಾದಿ ಒಪ್ಪಿಸುವಾಗ ನಡುವೆ ತಡವರಿಸಿದಳು. ಹಳೆಯ ಕಂಡಕ್ಟರಿಗೆ ತಡೆಯಲಾಗಲಿಲ್ಲ.

"ಶ್ವಾಸಕೋಶದ ಸ್ಟಾಪ್ ಬಿಟ್ಟು ಎಲ್ಲಿಗೆ ಹೊರಟೆ? ಅಲ್ಲಿ ಗಾಳಿ ಹತ್ತಿಸ್ಕೊಳ್ಳೋದು ಬೇಡ್ವಾ?" ಎಂದರು.

ಅಂದಿನಿಂದ ಅತ್ತೆ ಪುಸ್ತಕ ಕೈಗೆ ತೆಗೆದುಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿ "ಮುಂದಿನ ಸ್ಟಾಪ್?" ಎಂದು ಕೂಗುವುದು, ಸೊಸೆ ಪೆಡಲು ತುಳಿಯುತ್ತ ಉತ್ತರ ಹೇಳುವುದು. ಬಲ ಹೃತ್ಕರ್ಣ, ಬಲ ಹೃತ್ಕುಕ್ಷಿ, ಶ್ವಾಸಕೋಶ, ಎಡ ಹೃತ್ಕರ್ಣ, ಎಡ ಹೃತ್ಕುಕ್ಷಿ, ಅಲ್ಲಿಂದ ಊರೆಲ್ಲ. ಅನ್ನದ ಹಾದಿಯೂ ಹಾಗೆಯೇ. ಕೊನೆಯ ಸ್ಟಾಪು ಬಂದಾಗ ಮಾತ್ರ ಅತ್ತೆ "ಎಲ್ಲರೂ ಇಳೀರಿ" ಎಂದುಬಿಡುತ್ತಿದ್ದರು, ಸೊಸೆಗೆ ನಗು ತಡೆಯಲಾಗದೆ ಹೊಲಿಗೆ ಸೊಟ್ಟಗಾಗುತ್ತಿತ್ತು.

"ಅಲ್ವೇ, ಪಿತ್ತ ನೆತ್ತಿಗೇರಿತು ಅಂತಾರಲ್ಲ, ಈ ಪಿತ್ತ ಇರೋದೆಲ್ಲಿ?" ಎಂದು ಒಮ್ಮೆ ಕೇಳಿದರು.

"ಯಕೃತ್ತಿನ ಕೆಳಗೆ ಒಂದು ಸಣ್ಣ ಚೀಲದಲ್ಲಿ. ನೆತ್ತಿಗೆ ಹೋಗೋಕೆ ದಾರೀನೇ ಇಲ್ಲ ಅತ್ತೆ."

"ನನಗೆ ಆ ಚೀಲಾನೇ ತೆಗೆದುಹಾಕಿದ್ದಾರೆ. ಆದ್ರೂ ಏರುತ್ತೆ ನೋಡು."

ಮಾತು ನಿಜ. ಕಲ್ಲಾಗಿತ್ತೆಂದು ಅತ್ತೆಗೆ ಹಿಂದೆ ಪಿತ್ತಕೋಶದ ಆಪರೇಷನ್ ಆಗಿತ್ತು. ಸಿಟ್ಟಿಗೆ ಏನೂ ಕೊರತೆಯಾಗಿರಲಿಲ್ಲ.

ಪರೀಕ್ಷೆ ಹತ್ತಿರ ಬಂತು. ಯಾವ ಅಂಗ ಯಾವ ಪಕ್ಕೆಲುಬಿನ ಕೆಳಗೆ ಬರುತ್ತದೆ ಎಂಬುದು ಟೇಪಕ್ಕನಿಗೆ ಕಾಗದ ನೋಡಿ ತಲೆಗೆ ಹತ್ತುತ್ತಿರಲಿಲ್ಲ. ಅತ್ತೆಯಂತೂ ಮೊದಲಿನಿಂದ ಎಲುಬಿನ ಹಂದರ. ಸೀರೆಯ ಮೇಲಿಂದಲೇ ಒಂದೊಂದು ಮೂಳೆಯನ್ನೂ ಮುಟ್ಟಿ ನೋಡಬಹುದು. ಟೇಪಕ್ಕ ಗೋಡೆಯ ಮೇಲಿದ್ದ ದೊಡ್ಡ ಚಿತ್ರವನ್ನು ಕಿತ್ತು ತಂದು, "ಒಂದು ನಿಮಿಷ ನೇರ ನಿಂತ್ಕೊಳ್ಳಿ ಅತ್ತೆ" ಎಂದು ಗಿರಾಕಿಯ ಮೈಗೆ ಬಟ್ಟೆ ಹಿಡಿದ ಹಾಗೆ ಹಿಡಿದು ನಾಲ್ಕು ಪಿನ್ನು ಚುಚ್ಚಿದಳು. ಅತ್ತೆ ತಲೆ ಬಗ್ಗಿಸಿ ತಮ್ಮ ಹೊಟ್ಟೆಯ ಮೇಲಿನ ಅಕ್ಷರಗಳನ್ನು ಓದಿಕೊಂಡರು. ಹುಬ್ಬು ಗಂಟಾಯಿತು.

"ಪಿತ್ತಕೋಶ ಅಂತ ಈ ಕಡೆ ಬರೆದಿದ್ದೀಯ. ನನಗೆ ಕೊಯ್ದಿದ್ದು ಆ ಕಡೆ."

"ಇಲ್ಲ ಅತ್ತೆ, ಪುಸ್ತಕದಿಂದ್ಲೇ ತೆಗೆದಿದ್ದು."

"ಪುಸ್ತಕಕ್ಕೆ ಬೆಂಕಿ ಹಾಕು. ಹೊಟ್ಟೆ ನಂದು ಕಣೆ!"

ಅಷ್ಟು ಹೇಳಿ ಅತ್ತೆ ಕಾಗದವನ್ನೂ ಸೆರಗನ್ನೂ ಸರಿಸಿ, ಪಕ್ಕೆಯ ಕೆಳಗಿನ ಗಾಯದ ಗುರುತನ್ನೇ ತೋರಿಸಿಬಿಟ್ಟರು. ಅದು ಬಲಗಡೆ ಇತ್ತು. ಕಾಗದದ ಪಿತ್ತಕೋಶ ಅವರ ಎಡಗೈಯ ಕೆಳಗೆ ಬಂದಿತ್ತು. ಟೇಪಕ್ಕ ಓಡಿಹೋಗಿ ಪುಸ್ತಕ ತಂದು ಪಕ್ಕದಲ್ಲಿ ಹಿಡಿದು ನೋಡಿದಳು. ಪುಸ್ತಕದಲ್ಲಿ ಒಂದು ಕಡೆ ಇದ್ದದ್ದೆಲ್ಲ ಅವಳ ಚಿತ್ರದಲ್ಲಿ ಇನ್ನೊಂದು ಕಡೆ ಇತ್ತು. ಹೃದಯದ ತುದಿ ತಿರುಗಿತ್ತು, ಜಠರ ತಿರುಗಿತ್ತು, ಅಪೆಂಡಿಕ್ಸ್ ಕೂಡ ಮನೆ ಬದಲಾಯಿಸಿತ್ತು.

ಆದದ್ದು ಇಷ್ಟೆ. ಬಟ್ಟೆಗೆ ಗುರುತು ಹಾಕುವಾಗ ದರ್ಜಿಗಳು ಅದರ ಒಳಮೈಯನ್ನು ಮೇಲೆ ಮಾಡಿ ಹಾಸುತ್ತಾರೆ, ಸೀಮೆಸುಣ್ಣದ ಗೆರೆ ಹೊರಗೆ ಕಾಣಬಾರದಲ್ಲ. ನಮೂನೆಯ ಕಾಗದವನ್ನೂ ಹಾಗೆಯೇ ಮಗುಚಿ ಇಡುತ್ತಾರೆ. ಆಗ ತೊಡುವವರ ಬಲಗಡೆ ಹೊಲಿಯುವವಳ ಬಲಗೈ ಕಡೆಗೇ ಬರುತ್ತದೆ. ಟೇಪಕ್ಕನ ಕೈಗೆ ಇದು ಎಷ್ಟು ರೂಢಿಯೆಂದರೆ, ಪುಸ್ತಕದ ಚಿತ್ರ ಇಳಿಸುವಾಗಲೂ ಯೋಚನೆಯೇ ಇಲ್ಲದೆ ತೆಳು ಕಾಗದ ಮಗುಚಿದ್ದಳು. ಮಗುಚಿದ ಚಿತ್ರವನ್ನೇ ವರ್ಷಗಟ್ಟಲೆ ನೋಡಿ ಕಲಿತು, ಪರೀಕ್ಷೆಯಲ್ಲಿ ಅಚ್ಚುಕಟ್ಟಾಗಿ, ಒಂದು ಗೆರೆಯೂ ಅಲುಗದಂತೆ, ಎಲ್ಲವನ್ನೂ ತಿರುಗಾ ಮುರುಗಾ ಬರೆದು ಬಂದಿದ್ದಳು.

"ಇಷ್ಟು ದಿನ ಓದಿದ್ದೆಲ್ಲ ನೀರಲ್ಲಿ ಹೋಯ್ತು" ಎಂದು ಅವಳು ನೆಲದ ಮೇಲೆ ಕುಸಿದು ಕೂತಳು. ಮದುವೆಯಾಗಿ ಬಂದಾಗಿನಿಂದ ಸೊಸೆ ಅತ್ತದ್ದನ್ನು ಅತ್ತೆ ಕಂಡಿರಲಿಲ್ಲ. ಈಗ ಅವಳ ಕಣ್ಣೀರು ಕಂಡು ಪಕ್ಕದಲ್ಲೇ ಕೂತರು.

"ನೀರಲ್ಲಿ ಹೋಗೋಕೆ ಏನಾಗಿದೆ? ಅಂಗಿ ತಿರುಗಿಸಿ ಹಾಕ್ಕೊಂಡಿದ್ದೀಯ, ಅಷ್ಟೆ. ಬಿಚ್ಚು, ಸರಿಯಾಗಿ ಹಾಕ್ಕೋ" ಎಂದರು.

ಹೇಳುವುದು ಸುಲಭ. ತಲೆಗೆ ಗೊತ್ತಾದದ್ದು ಕೈಗೆ ಗೊತ್ತಾಗಬೇಕಲ್ಲ. ಚಿತ್ರ ಬರೆಯಲು ಕೂತರೆ ಪೆನ್ಸಿಲು ಹಳೆಯ ಕಡೆಗೇ ಓಡುತ್ತಿತ್ತು. ಖಾಕಿ ಕಾಗದಗಳನ್ನೆಲ್ಲ ಹರಿದು ಒಲೆಗೆ ಹಾಕಿದ ಟೇಪಕ್ಕ ಆಮೇಲೆ ಮಾಡಿದ ಕೆಲಸ ಇಡೀ ಬೀದಿಗೆ ಬಹಳ ದಿನ ಮಾತಾಗಿತ್ತು. ಉಳಿಕೆ ಬಟ್ಟೆಗಳ ಮೂಟೆ ಬಿಚ್ಚಿ, ಬಿಳಿ ಏಪ್ರನ್ನೊಂದನ್ನು ಹೊಲಿದು, ಅದರ ಮೇಲೆ ಒಂದೊಂದು ಅಂಗವನ್ನೂ ಬೇರೆ ಬೇರೆ ಬಟ್ಟೆಯಲ್ಲಿ ಮಾಡಿ ಒತ್ತಿದರೆ ಕೂರುವ ಟಿಚ್ ಬಟನ್ನಿನಿಂದ ಅಂಟಿಸುವಂತೆ ಮಾಡಿದಳು. ಕಂದು ವೆಲ್ವೆಟ್ಟಿನ ಯಕೃತ್ತು, ಹಸಿರು ಸ್ಯಾಟಿನ್ನಿನ ಪಿತ್ತಕೋಶ, ಗುಲಾಬಿ ಫ್ಲಾನೆಲಿನ ಶ್ವಾಸಕೋಶ. ಸಣ್ಣ ಕರುಳಿಗೆ ಲಾಡಿ ಸುತ್ತಿ ಸುತ್ತಿ ಮನೆಯಲ್ಲಿದ್ದ ಲಾಡಿಯೆಲ್ಲ ಖಾಲಿಯಾಯಿತು. ಅತ್ತೆ ಅದನ್ನು ತೊಟ್ಟು ಸೊಸೆಯ ಎದುರು ನಿಲ್ಲಬೇಕು. ಎಲ್ಲ ಅಂಗಗಳನ್ನೂ ಕಿತ್ತು ಮೇಜಿನ ಮೇಲೆ ರಾಶಿ ಹಾಕಿ, ಅವಳು ಒಂದೊಂದನ್ನೇ ಅದರದರ ಜಾಗಕ್ಕೆ ಅಂಟಿಸಬೇಕು. ಚಿತ್ರವಲ್ಲ, ಎದುರಿಗೆ ನಿಂತಿರುವ ಮನುಷ್ಯ. ಅವರ ಬಲ ಇವಳ ಎಡಕ್ಕೆ.

ತಪ್ಪಿದರೆ ಅತ್ತೆ "ರಾಂಗ್ ಸೈಡ್!" ಎಂದು ಕೂಗುತ್ತಿದ್ದರು. ಆ ಕೂಗಿಗೆ ಹೊರಗೆ ಹೋಗುತ್ತಿದ್ದ ಸೈಕಲ್ಲಿನವರೂ ಬ್ರೇಕು ಹಾಕುತ್ತಿದ್ದರು.

ಒಂದು ಬೆಳಿಗ್ಗೆ ಹಾಲಿನವನು ಬಾಗಿಲು ತಟ್ಟಿದ. ಅತ್ತೆ ಏಪ್ರನ್ ತೊಟ್ಟಿದ್ದನ್ನು ಮರೆತು ಹಾಗೆಯೇ ಹೋಗಿ ತೆರೆದರು. ಕರುಳಿನ ಒಂದು ತುದಿ ಬಟನ್ ಬಿಟ್ಟು ಮೊಣಕಾಲ ತನಕ ಇಳಿಬಿದ್ದಿತ್ತು. ಅವನ ಕೈಯಿಂದ ಪಾತ್ರೆ ಜಾರಿತು.

"ಅಮ್ಮಾ, ಏನಾಯ್ತು ನಿಮಗೆ!"

"ಏನೂ ಆಗಿಲ್ಲಪ್ಪ. ಒಳಗಿದ್ದದ್ದು ಹೊರಗಿದೆ, ಅಷ್ಟೆ. ಹಾಲು ಚೆಲ್ಲಿದ್ದು ನಿನ್ನ ಲೆಕ್ಕ" ಎಂದರು ಅತ್ತೆ.

ನಕ್ಕವರು ನಕ್ಕರು. ಅತ್ತೆಯ ಮೊಣಕಾಲು ಊದಿಕೊಂಡದ್ದು ಮಾತ್ರ ಯಾರಿಗೂ ತಿಳಿಯಲಿಲ್ಲ. ದಿನಕ್ಕೆ ಎಷ್ಟು ಸಲ ಎದ್ದು ನಿಲ್ಲಬೇಕೋ ಅಷ್ಟು ಸಲವೂ ಗೋಡೆ ಹಿಡಿದು ನಿಂತರು. ನಿಂತಲ್ಲಿಂದ ಅವರು ಸೊಸೆಯನ್ನು ಮೊದಲ ಸಲ ಸರಿಯಾಗಿ ನೋಡಿದರೆಂದು ಹೇಳಬೇಕು. ಬಾಗಿಲಲ್ಲಿ ಯೂನಿಫಾರ್ಮಿನ ಗಂಟು ಬಿದ್ದಿದೆ, ಒಲೆಯ ಮೇಲೆ ಅಡುಗೆ ಇದೆ, ಕಣ್ಣು ಕೆಂಪಾಗಿದೆ. ಆದರೂ ತಪ್ಪಿದ ಗುಲ್ಮವನ್ನು ಕಿತ್ತು ತೆಗೆದು ಮತ್ತೆ ಅಂಟಿಸುವಾಗ ಅವಳ ಮುಖದಲ್ಲಿ ಒಂದು ಚೂರೂ ಬೇಸರವಿಲ್ಲ. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯುವವಳಿಗೆ ಅದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ. ತಾನು ಇಷ್ಟು ಸಲ ಸೋತಿದ್ದರೆ ಎಂದೋ ಎಲ್ಲವನ್ನೂ ಎತ್ತಿ ಬೀದಿಗೆ ಎಸೆದಿರುತ್ತಿದ್ದೆ ಎಂದು ಅತ್ತೆಗೆ ಅನ್ನಿಸಿತು. ಇಂಥವಳು ನಮ್ಮ ಮನೆಗೆ ಬಂದದ್ದು ಪುಣ್ಯ ಎಂದೂ ಅನ್ನಿಸಿತು. ಆದರೆ ಬಾಯಿಗೆ ಬಂದದ್ದು "ಬೇಗ ಅಂಟಿಸು, ಸೊಂಟ ಬಿತ್ತು" ಎಂಬುದಷ್ಟೆ.

ಬರೆಯುವ ಪರೀಕ್ಷೆ ಮುಗಿಯಿತು. ಹೇಗಾಯಿತು ಅಂದರೆ ಟೇಪಕ್ಕ ಮತ್ತೆ ತುಟಿಗೆ ಗುಂಡುಪಿನ್ನು ಕಚ್ಚಿಕೊಂಡಳು. ಬಾಯಿ ಪರೀಕ್ಷೆಯ ದಿನ ಅತ್ತೆಯೂ ಹೊರಟು ನಿಂತರು. ಬೇಡ ಎಂದರೆ ಕೇಳುವವರೇ? ಪ್ರಯೋಗಾಲಯದ ಹೊರಗಿನ ಬೆಂಚಿನ ಮೇಲೆ, ತೆರೆದ ಕಿಟಕಿಗೆ ಸರಿಯಾಗಿ ಜಾಗ ಹಿಡಿದರು. ಒಳಗೆ ಫಿನೈಲಿನ ವಾಸನೆ, ಉದ್ದನೆಯ ಮೇಜು, ಮೇಜಿನ ಮೇಲೆ ಪ್ಲಾಸ್ಟಿಕ್ಕಿನ ಒಂದು ಮುಂಡ. ಅದರ ಎದೆ, ಹೊಟ್ಟೆಯೊಳಗಿದ್ದದ್ದನ್ನೆಲ್ಲ ತೆಗೆದು ಟ್ರೇಯಲ್ಲಿ ಇಟ್ಟಿದ್ದರು. ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕೂತಿದ್ದರು.

"ಇವನ್ನೆಲ್ಲ ಜಾಗಕ್ಕೆ ಜೋಡಿಸಿ ಅಮ್ಮ. ಜೋಡಿಸ್ತಾ ಹೇಳ್ತಾ ಹೋಗಿ" ಎಂದರು.

ಟೇಪಕ್ಕ ಮುಂಡದ ಎದುರಿಗೆ ಬಂದು ನಿಂತಳು. ಆಮೇಲೆ ಕೈ ಚಲಿಸಿತು. ಶ್ವಾಸಕೋಶ, ಹೃದಯ, ಎದೆ ಹೊಟ್ಟೆಗಳ ನಡುವಿನ ವಪೆ, ಜಠರ, ಗುಲ್ಮ. ಯಕೃತ್ತನ್ನು ಎರಡೂ ಕೈಯಲ್ಲಿ ಎತ್ತಿ ಅದರ ಗೂಡಿಗೆ ಕೂರಿಸಿದಳು. ಪರೀಕ್ಷಕರು ಮುಂದಕ್ಕೆ ಬಾಗಿದರು.

"ಎಡಗಡೆ ಇಟ್ರಲ್ಲಮ್ಮ. ಯಕೃತ್ತು ಬಲಗಡೆ ಅಲ್ವಾ ಇರೋದು?"

ಅವಳ ಕೈ ಮತ್ತೆ ಯಕೃತ್ತಿನ ಮೇಲೆ ಹೋಯಿತು. ಕಿಟಕಿಯ ಹೊರಗೆ ಅತ್ತೆ ಬೆಂಚಿನಿಂದ ಅರ್ಧ ಎದ್ದರು. ಆಯುಷ್ಯವೆಲ್ಲ ಬಸ್ಸು ತುಂಬ ಜನರನ್ನು ಕೂಗಿ ನಿಭಾಯಿಸಿದ ಗಂಟಲು ಕೂಗಲು ಹೊರಟೇಬಿಟ್ಟಿತ್ತು. ಎರಡೂ ಅಂಗೈಗಳಿಂದ ಬಾಯಿ ಒತ್ತಿ ಹಿಡಿದರು. ತೆಗೀಬೇಡ ಕಣೆ, ತೆಗೀಬೇಡ. ದೊಡ್ಡವರು ಹೇಳಿದರೆಂದು ಈಗ ಕೈ ಹಿಂದೆ ತೆಗೆದರೆ ಎಲ್ಲ ಮುಗಿಯಿತು, ಈ ಜನ್ಮಕ್ಕೆ ಇನ್ನು ಮಿಷನ್ನೇ ಗತಿ.

ಟೇಪಕ್ಕ ಕೈ ತೆಗೆದಳು. ಯಕೃತ್ತು ಇಟ್ಟಲ್ಲೇ ಇತ್ತು.

"ಸರ್, ಅದು ನಿಮ್ಮ ಎಡ" ಎಂದಳು. ಮುಂಡದ ಕಡೆ ಕೈ ತೋರಿಸಿ, "ಅವರಿಗೆ ಬಲ" ಎಂದಳು.

ಪರೀಕ್ಷಕರು ಕನ್ನಡಕವನ್ನು ಹಣೆಯಿಂದ ಕಣ್ಣಿಗೆ ಇಳಿಸಿ, ತಲೆಯೂ ಕಾಲೂ ಇಲ್ಲದ ಆ ಪ್ಲಾಸ್ಟಿಕ್ ಮನುಷ್ಯನನ್ನು ಒಮ್ಮೆ ನೋಡಿದರು. "ಅವರಿಗೆ ಬಲ" ಎಂದು ತಾವೂ ಹೇಳಿಕೊಂಡು ನಕ್ಕರು. ಕೆಣಕಿ ನೋಡಲೆಂದೇ ಕೇಳಿದ ಪ್ರಶ್ನೆಯಂತೆ. ಮೊದಲು ಬಂದವರಲ್ಲಿ ಎಷ್ಟೋ ಜನ ಸರಿಯಾಗಿ ಇಟ್ಟದ್ದನ್ನೂ ತೆಗೆದಿದ್ದರಂತೆ. ಆಮೇಲೆ ಎಡ ಹೃತ್ಕುಕ್ಷಿಯ ಗೋಡೆ ಯಾಕೆ ದಪ್ಪ ಎಂದು ಕೇಳಿದರು. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು, ಎಡಗಡೆಯದು ಮೈಗೆಲ್ಲ ತಳ್ಳಬೇಕು, ಅದಕ್ಕೆ ಎಂದು ಅವಳು ನಿಧಾನವಾಗಿ ವಿವರಿಸಿದಳು. ನಾಳಗಳ ಬಗ್ಗೆ ಕೇಳಿದ ಒಂದು ಪ್ರಶ್ನೆಗೆ ಮಾತ್ರ ಗೊತ್ತಿಲ್ಲ ಎಂದು ಒಪ್ಪಿಕೊಂಡಳು.

ಅವಳು ಹೊರಗೆ ಬಂದಳು. ಬೆಂಚಿನ ಮೇಲೆ ಅತ್ತೆಯ ಪಕ್ಕ ಕೂತಳು.

"ಪಾಸಾಗ್ತೀನೋ ಇಲ್ವೋ ಅತ್ತೆ."

"ಆದ್ರೆ ಆಗು, ಬಿಟ್ರೆ ಬಿಡು. ನನಗೆ ನಿನ್ನ ಕಂಡ್ರೆ ಹೆಮ್ಮೆ ಕಣೆ!" ಎಂದರು ಅತ್ತೆ. ಮೆಲ್ಲಗೆ ಹೇಳಬೇಕೆಂದೇ ಇದ್ದರು. ಆದರೆ ಆ ಗಂಟಲಿಗೆ ಮೆಲ್ಲಗೆ ಎಂಬುದು ಬರುವುದಿಲ್ಲವಲ್ಲ, ಕಾರಿಡಾರಿನಲ್ಲಿದ್ದ ಹುಡುಗ ಹುಡುಗಿಯರೆಲ್ಲ ತಿರುಗಿ ನೋಡಿದರು. ಟೇಪಕ್ಕ ನಾಚಿ ನೆಲ ನೋಡಿದಳು.

ಅವಳು ಪಾಸಾದಳು. ಹೇಳಿಕೊಳ್ಳುವಂಥ ಅಂಕವೇನೂ ಅಲ್ಲ, ಪಾಸು ಅಷ್ಟೆ. ವಯಸ್ಸಿನ ಮಿತಿ ದಾಟುವ ಮೊದಲೇ ಆಸ್ಪತ್ರೆಯ ಕಾರ್ಯಾಗಾರಕ್ಕೆ ಸೇರಿಕೊಂಡಳು. ಬೆಳಿಗ್ಗೆ ಬಸ್ಸು ಹತ್ತಿ ಹೋಗುವುದು, ಸಂಜೆ ಉಗುರಿನ ಸಂದಿಯಲ್ಲೆಲ್ಲ ಪ್ಲಾಸ್ಟರು ತುಂಬಿಕೊಂಡು ಬರುವುದು. ಬಹಳ ದಿನ ಅವಳಿಗೆ ಸಿಕ್ಕ ಕೆಲಸ ಪಟ್ಟಿ ಕತ್ತರಿಸುವುದು, ಅಚ್ಚು ಉಜ್ಜುವುದು. ಎರಡು ಸಲ ಅವಳು ಮಾಡಿದ ಕಾಲು ಸರಿಯಾಗಿ ಕೂರದೆ ವಾಪಸು ಬಂತು. ಬಿಚ್ಚಿ ಮತ್ತೆ ಮಾಡಿದಳು. ಇತ್ತ ಮನೆಯಲ್ಲಿ ಹೊಲಿಗೆಗೆ ಬಂದವರು "ಈ ವಯಸ್ಸಲ್ಲಿ ಅವಳಿಗೆ ಇದೆಲ್ಲ ಯಾಕೆ ಬೇಕಿತ್ತು?" ಎಂದರೆ, ಅತ್ತೆ ಅವರ ಬಟ್ಟೆಯ ಗಂಟನ್ನು ಅವರ ಕೈಗೇ ಕೊಟ್ಟು ಬಾಗಿಲು ತೋರಿಸುತ್ತಿದ್ದರು.

ಒಂದು ಸಂಜೆ ಅವಳು ಬಂದಾಗ ಅತ್ತೆ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದರು. ಟೇಪಕ್ಕ ಚೀಲ ಕೂಡ ಕೆಳಗಿಡದೆ ಹೊಸ್ತಿಲಲ್ಲೇ ನಿಂತಳು.

"ಅತ್ತೆ, ಇವತ್ತು ಒಬ್ಬರು ಎದ್ದು ನಿಂತ್ರು."

ಅತ್ತೆಯ ಕೈಯಲ್ಲಿದ್ದ ಚಾಕು ನಿಂತಿತು. "ನೀನು ಮಾಡಿದ ಕಾಲಲ್ಲಾ?"

"ಹೂಂ. ಸಂತೆಯಲ್ಲಿ ತರಕಾರಿ ಮಾರೋರು. ಕಾಲು ಹೋದಾಗಿನಿಂದ ಕೂತೇ ಮಾರ್ತಿದ್ರಂತೆ."

"ಎಷ್ಟು ಹೊತ್ತು ನಿಂತ್ರು?"

"ನಾನು ಬರೋವಾಗ್ಲೂ ನಿಂತೇ ಇದ್ರು ಅತ್ತೆ. ಸಾಕು, ಕೂತ್ಕೊಳ್ಳಿ ಅಂತ ಎಲ್ರೂ ಹೇಳಿದ್ವಿ. ಕೇಳಲೇ ಇಲ್ಲ."

ಅತ್ತೆ ಚಾಕು ಕೆಳಗಿಟ್ಟು, ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳದೆ, ಸೊಸೆಯ ಎದುರಿಗೇ ಕಣ್ಣು ತುಂಬಿಕೊಂಡು ಕೂತರು.